ಎದುರುಮನೆಯ ಕೆಮ್ಮು

ಊರಿನಲ್ಲಿ ಅವಳನ್ನು ಕಂಡರೆ ಜನ ಕೆಮ್ಮು ನುಂಗಿಕೊಳ್ಳುತ್ತಿದ್ದರು. ಅಂಗಡಿ ಮುಂದೆ ಆರಾಮಾಗಿ ಖೊಕ್ ಖೊಕ್ ಎನ್ನುತ್ತಾ ನಿಂತವನು ದೂರದಲ್ಲಿ ಅವಳ ಸೈಕಲ್ಲು ಕಂಡದ್ದೇ ತಡ, ಉಸಿರು ಬಿಗಿಹಿಡಿದು, ಮುಖ ಕೆಂಪಗೆ ಮಾಡಿಕೊಂಡು, ಆಕಾಶ ನೋಡುತ್ತಾ ನಿಂತುಬಿಡುತ್ತಿದ್ದ. ಯಾಕೆಂದರೆ ಅವಳ ಕಿವಿಗೆ ಒಂದು ಕೆಮ್ಮು ಬಿತ್ತೋ, ಮುಗಿಯಿತು. ಸೈಕಲ್ಲಿಗೆ ಸ್ಟ್ಯಾಂಡು ಹಾಕಿ, ಹೆಗಲ ಚೀಲದಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು, "ಎಷ್ಟು ದಿನದಿಂದ?" ಎಂದು ಶುರುಮಾಡಿದರೆ, ಆ ಡಬ್ಬಿಯೊಳಗೆ ಏನಾದರೂ ಬೀಳುವವರೆಗೆ ಬಿಡುವ ಪೈಕಿ ಅಲ್ಲ ಅವಳು. ಆಸ್ಪತ್ರೆಯಲ್ಲಿ ಅವಳ ಹುದ್ದೆಗೆ ಮಾರುದ್ದದ ಹೆಸರಿತ್ತು. ಅಷ್ಟು ಹೇಳುವ ತಾಪತ್ರಯ ಯಾಕೆಂದು ಊರವರು ಕಫದಕ್ಕ ಎಂದು ಕರೆದರು.

ಹೆಸರಿನ ಬಗ್ಗೆ ಅವಳಿಗೆ ಬೇಸರವಿರಲಿಲ್ಲ. ಬೇಸರವಿದ್ದದ್ದು ಉಗುಳಿನ ಬಗ್ಗೆ. ಕಫ ಕೊಡಿ ಎಂದರೆ ಜನ ಉಗುಳು ಕೊಡುತ್ತಿದ್ದರು. ಪಿಚಕ್ ಎಂದು ಡಬ್ಬಿಗೆ ಉಗುಳಿ, ದೊಡ್ಡ ಉಪಕಾರ ಮಾಡಿದವರ ಹಾಗೆ ನಿಲ್ಲುತ್ತಿದ್ದರು. ಕ್ಷಯದ ಕ್ರಿಮಿ ಕೂತಿರುವುದು ಎದೆಯ ಆಳದಲ್ಲಿ. ಉಗುಳಿನಲ್ಲಿ ಹುಡುಕಿದರೆ ನಿನ್ನೆ ತಿಂದದ್ದು ಸಿಗುತ್ತದೆಯೇ ಹೊರತು ಅದು ಸಿಗುವುದಿಲ್ಲ. ಹೀಗಾಗಿ ಅವಳು ಒಂದು ಪಾಠವನ್ನೇ ಕಟ್ಟಿದ್ದಳು. ಕಿರುಬೆರಳಿನಿಂದ ಕನ್ನಡಕವನ್ನು ಮೂಗಿನ ಮೇಲಕ್ಕೇರಿಸಿ, ಒಂದು ಕೈ ಸೊಂಟಕ್ಕಿಟ್ಟು, "ಮೂರು ಸಲ ಉದ್ದ ಉಸಿರು. ಮೂರನೇದನ್ನ ಹಿಡ್ಕೊಳ್ಳಿ. ಈಗ ಪಾದದಿಂದ ಕೆಮ್ಮಿ!" ಎನ್ನುವಳು. ಪಾದದಿಂದ ಕೆಮ್ಮುವುದು ಹೇಗೆಂದು ಯಾರೂ ಕೇಳುತ್ತಿರಲಿಲ್ಲ. ಅವಳ ಮುಖ ನೋಡಿದರೆ ಪಾದದಿಂದಲೇ ಬರುತ್ತಿತ್ತು.

ಮನೆಯಲ್ಲಿ ಮೂರೇ ಜನ. ಗಂಡ ಟೈಲರು, ಮುಂದಿನ ಕೋಣೆಯೇ ಅವನ ಅಂಗಡಿ. ಕಿಟಕಿ ತೆರೆದರೆ ಹೊಸ ಬಟ್ಟೆಗೆ ಧೂಳು ಕೂರುತ್ತದೆಂದು ಅವನು ಮುಚ್ಚುವುದು, ಗಾಳಿ ಬೇಕೆಂದು ಅವಳು ತೆರೆಯುವುದು, ಇದು ಮದುವೆಯಾದ ದಿನದಿಂದ ನಡೆದುಬಂದ ಜಗಳ. ಗೆಲ್ಲುತ್ತಿದ್ದವಳು ಅವಳೇ. ಅದೇ ಕಿಟಕಿಯ ಕೆಳಗೆ ಮಾವನ ಮಂಚ. ಮಾವ ಊರ ಶಾಲೆಯ ಗೇಟು ಕಾಯುತ್ತಿದ್ದರು, ಮಕ್ಕಳಿಗೆಲ್ಲ ಗೇಟಿನ ತಾತ. ಒಣಕಲು ಆಳು, ಮಾತು ಕಮ್ಮಿ. ಮಾತು ಕಮ್ಮಿ ಎಂದರೆ ಅವರ ಸ್ವಂತ ಮಾತು ಕಮ್ಮಿ. ಬೇರೆಯವರ ಮಾತು ಎಷ್ಟು ಬೇಕಾದರೂ ಆಡುತ್ತಿದ್ದರು. ಮಗನ ಹೊಲಿಗೆ ಯಂತ್ರ ದಾರ ಕಡಿದು ನಿಲ್ಲುವ ಸದ್ದು, ಲಾರಿ ಹಿಂದಕ್ಕೆ ಬರುವಾಗಿನ ಕೂಗು, ಬಾಡಿಗೆ ಮನೆ ನೋಡಲು ಬಂದ ದಂಪತಿಯ ಪಿಸುಮಾತಿನ ಜಗಳ, ಎಲ್ಲವೂ ಅವರ ಗಂಟಲಿನಲ್ಲಿತ್ತು. ಅನುಕರಣೆ ಎಂಬ ದೊಡ್ಡ ಪದವನ್ನು ಅವರೆಂದೂ ಬಳಸಿದವರಲ್ಲ. "ಸುಮ್ನೆ, ಹಂಗೇ ಬರುತ್ತೆ," ಎನ್ನುತ್ತಿದ್ದರು.

ಅವರ ಸಂಗ್ರಹದಲ್ಲಿ ಎಲ್ಲಕ್ಕಿಂತ ಹೆಸರುವಾಸಿಯಾದದ್ದು ಎದುರುಮನೆ ಗುಮಾಸ್ತರ ಕೆಮ್ಮು. ಗುಮಾಸ್ತರು ಸಿಗರೇಟಿನ ಆಸಾಮಿ. ಮೊದಲು ಎರಡು ಚಿಕ್ಕ ಕೆಮ್ಮು, ಆಮೇಲೆ ಒಂದು ಉದ್ದನೆಯ ಎಳೆತ, ಕೊನೆಗೆ ಸೋತ ದನಿಯಲ್ಲಿ ಒಂದು "ಅಮ್ಮಾ". ಮಾವ ಸಂಜೆ ಕೆಲಸ ಮುಗಿಸಿ ಬಂದವರು ಬಾಗಿಲಲ್ಲಿ ನಿಂತು ಅದನ್ನು ಬಿಟ್ಟರೆ, ಟೈಲರು ತಲೆಯೆತ್ತದೆ "ಬನ್ನಿ ಗುಮಾಸ್ತರೇ, ಕೂತ್ಕೊಳ್ಳಿ," ಎನ್ನುತ್ತಿದ್ದ. ಕಫದಕ್ಕ ಅಡುಗೆಮನೆಯಿಂದಲೇ ನಗುತ್ತಿದ್ದಳು. ದಿನವೆಲ್ಲ ಕಂಡವರ ಕೆಮ್ಮು ಕೇಳಿ ಸುಸ್ತಾದವಳಿಗೆ ನಗು ಬರಿಸುತ್ತಿದ್ದದ್ದು ಅದೊಂದೇ ಕೆಮ್ಮು.

ಒಮ್ಮೆ ಗಂಡನಿಗೆ ನೆಗಡಿ ಬಂದು ವಾರಗಟ್ಟಲೆ ಬಿಡದೆ ಕಾಡಿತು. ಅವಳು ಬಿಡುತ್ತಾಳೆಯೇ? ಹಿತ್ತಲಿಗೆ ಎಳೆದುಕೊಂಡು ಹೋಗಿ ಕೈಗೆ ಡಬ್ಬಿ ಕೊಟ್ಟು ಪಾಠ ಶುರುಮಾಡಿದಳು. ಅವನು ಊದಿದ, ತಿಣುಕಿದ, ಕಣ್ಣಲ್ಲಿ ನೀರು ತಂದುಕೊಂಡ, ಬಂದದ್ದು ಉಗುಳು. ಅವಳ ತಾಳ್ಮೆ ಹರಿಯಿತು. "ಏನ್ರೀ, ಪ್ಯಾಂಟಿಗೆ ಜಿಪ್ಪು ಹಚ್ಚೋದಕ್ಕಿಂತ ಕಷ್ಟನಾ ಇದು?" ಎಂದಳು. ಕೊನೆಗೂ ಕಫ ಬಂತು, ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಗೊತ್ತಾಯಿತು. ಆದರೆ ಬಾವಿಕಟ್ಟೆ ಮೇಲೆ ಮಾವ ಸುಮ್ಮನೆ ಕೂತಿದ್ದರು, ನೋಡಬೇಕಾದ್ದೆಲ್ಲ ನೋಡಿಯಾಗಿತ್ತು. ಆ ರಾತ್ರಿ ಊಟಕ್ಕೆ ಕೂತಾಗ ಸೊಸೆಯ ಕಿರುಬೆರಳು, ಸೊಸೆಯ ಸೊಂಟ, ಮಗನ ಊದಿದ ಕೆನ್ನೆ, ಜಿಪ್ಪು ಸಮೇತ ಎಲ್ಲವನ್ನೂ ಬಡಿಸಿದರು. ಅವಳು ಮೊದಲು ಸಿಟ್ಟಾದಳು, ಆಮೇಲೆ ನಕ್ಕಳು, ಕೊನೆಗೆ "ಇನ್ನೊಂದ್ಸಲ ಮಾಡಿ ಮಾವ," ಎಂದಳು. ಮಲಗುವ ಮುಂಚೆ ಮಾತ್ರ ಕಟ್ಟಪ್ಪಣೆ ಮಾಡಿದಳು: "ಇದು ಮನೆ ಹೊರಗೆ ಹೋಗಬಾರದು. ಹೋದ್ರೆ ನನ್ನ ಕೆಲಸದ ಮರ್ಯಾದೆ ಮೂರು ಕಾಸಿಗೆ!" ಮಾವ ಗಂಭೀರವಾಗಿ ತಲೆಯಾಡಿಸಿದರು.

ಹೀಗಿರುವಾಗ ಶಾಲೆಯಲ್ಲಿ ಕ್ಷಯ ಕಾಣಿಸಿಕೊಂಡಿತು. ಮೊದಲು ಮೂರನೇ ತರಗತಿಯ ಒಬ್ಬಳು ಹುಡುಗಿ, ಜ್ವರ ಬಂದು ಬಂದು ಗಾಳಿಪಟದ ಕಡ್ಡಿಯ ಹಾಗಾಗಿದ್ದವಳು. ಆಮೇಲೆ ಐದನೆಯ ತರಗತಿಯ ಇಬ್ಬರು. ಆಮೇಲೆ ಏಳನೆಯದರಿಂದ ಒಬ್ಬ. ನೋಡನೋಡುತ್ತಿದ್ದಂತೆ ಏಳು ಮಕ್ಕಳಾದರು. ಊರಿನಲ್ಲಿ ಆಳಿಗೊಂದು ಕಾರಣ ಹುಟ್ಟಿತು. ಸೀಮೆಸುಣ್ಣದ ಪುಡಿ ಎಂದರು ಕೆಲವರು. ನೀರಿನ ಟ್ಯಾಂಕು ಎಂದರು ಇನ್ನು ಕೆಲವರು. ಗಣಿತದ ಮನೆಗೆಲಸ ಜಾಸ್ತಿಯಾಗಿ ಎದೆಗೆ ಇಳಿದಿದೆ ಎಂದು ಒಬ್ಬ ತಂದೆ ವಾದಿಸಿದ. ಅದನ್ನು ಅವನ ಮಗ ಬಲವಾಗಿ ಬೆಂಬಲಿಸಿದ.

ಡಾಕ್ಟರಿಗೆ ಮಾತ್ರ ಸಂಶಯವಿರಲಿಲ್ಲ. "ಮಕ್ಕಳಿಂದ ಮಕ್ಕಳಿಗೆ ಇದು ಅಷ್ಟು ಸುಲಭವಾಗಿ ಹರಡಲ್ಲ, ಸಿಸ್ಟರ್," ಎಂದರು ಕಫದಕ್ಕನಿಗೆ. "ಎಲ್ಲೋ ಒಬ್ಬರು ದೊಡ್ಡವರಿದ್ದಾರೆ. ಮುಚ್ಚಿದ ಜಾಗ, ಬಹಳ ಹೊತ್ತು, ಈ ಮಕ್ಕಳ ಜೊತೆ. ಅವರು ಸಿಗೋವರೆಗೂ ನಾವು ಮಾತ್ರೆ ಕೊಡ್ತಾ ಇರ್ತೀವಿ, ಅವರು ಕಾಯಿಲೆ ಕೊಡ್ತಾ ಇರ್ತಾರೆ."

ಅವಳು ಪೂರ್ತಿ ಶಾಲೆಯನ್ನೇ ಜಾಲಾಡಿದಳು. ಮಕ್ಕಳ ತೋಳಿಗೆ ಪರೀಕ್ಷೆಯ ಸಣ್ಣ ಸೂಜಿ ಚುಚ್ಚಿ, ಎರಡು ದಿನ ಬಿಟ್ಟು ಎದ್ದ ಗಂಟನ್ನು ಸ್ಕೇಲಿನಿಂದ ಅಳೆಯುವ ಕೆಲಸ. ಗಂಟು ದೊಡ್ಡದಾದರೆ ಕ್ರಿಮಿ ಒಳಗೆ ಹೊಕ್ಕಿರಬಹುದು ಎಂದರ್ಥ. ಹುಡುಗರಿಗೆ ಅರ್ಥವಾದದ್ದು, ಗಂಟು ದೊಡ್ಡದಾದವನು ಗೆದ್ದ ಎಂದು. "ನಂದು ನಿಂದಕ್ಕಿಂತ ದಪ್ಪ!" ಎಂದು ಜಗಳವಾಡಿ, ಒಬ್ಬ ಕೆಂಪು ಪೆನ್ನಿನಿಂದ ತೋಳಿನ ಮೇಲೆ ಕಿತ್ತಳೆಯಷ್ಟು ದೊಡ್ಡ ಗಂಟು ಬರೆದುಕೊಂಡು ಬಂದಿದ್ದ. ಅವಳು ಸೋಪು ಹಚ್ಚಿ ತಿಕ್ಕಿದಾಗ ಅವನ ದರ್ಜೆ ಇಳಿದು ಸೊನ್ನೆಗೆ ನಿಂತಿತು. ಅಳುತ್ತಾ ಮನೆಗೆ ಹೋದ.

ಮೇಷ್ಟರುಗಳ ಸರದಿ ಇದಕ್ಕಿಂತ ಕಷ್ಟ. ಚಿತ್ರಕಲೆಯ ಮೇಷ್ಟರು ನಾಚಿಕೊಂಡು ಮರದ ಹಿಂದೆ ಹೋದರು. ಗಣಿತದ ಮೇಷ್ಟರು ಡಬ್ಬಿಯ ಎಷ್ಟು ಭಾಗ ತುಂಬಬೇಕೆಂದು ಕೇಳಿದರು. ಶಾಲೆಯ ಮುಖ್ಯಸ್ಥೆ ಹೆಡ್‌ಮೇಡಂ ಅಂತೂ "ನನಗೆ ಕೆಮ್ಮು ಬರೋದಿಲ್ಲ, ನನಗೆ ಶಿಸ್ತಿದೆ," ಎಂದುಬಿಟ್ಟರು. ಅವರ ಮೂಗು ಮಾತಿನ ಮಧ್ಯೆ ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಅದು ಅವರೊಬ್ಬರಿಗೆ ಬಿಟ್ಟು ಇಡೀ ಶಾಲೆಗೆ ಗೊತ್ತಿತ್ತು. ಎದೆಯ ಎಕ್ಸ್‌ರೇಗೆ ಒಪ್ಪಿದರು. ಮೇಷ್ಟರುಗಳು, ಅಡುಗೆಯವರು, ಏಳೂ ಮಕ್ಕಳ ಮನೆಮಂದಿ, ಯಾರಲ್ಲೂ ಏನೂ ಸಿಗಲಿಲ್ಲ. ಮಾವನನ್ನು ಅವಳು ಕೇಳಲಿಲ್ಲ. ಗೇಟು ಬಯಲಿನಲ್ಲಿದೆ, ಮಕ್ಕಳು ದಾಟಿ ಹೋಗುವುದು ಒಂದು ಗಳಿಗೆ. ಸಾಲದ್ದಕ್ಕೆ, ಅವರು ಮಾವ. ಮನೆಯವರನ್ನು ಯಾರಾದರೂ ರೋಗಿಗಳ ಲೆಕ್ಕದಲ್ಲಿ ನೋಡುತ್ತಾರೆಯೇ?

ಮೊದಲ ಏಳು ಮಕ್ಕಳು ಮಾತ್ರೆ ನುಂಗಿ, ಕೆಲವು ವಾರ ಮನೆಯಲ್ಲಿದ್ದು, ಡಾಕ್ಟರ ಒಪ್ಪಿಗೆ ಪಡೆದು ಶಾಲೆಗೆ ಮರಳಿದರು. ಇನ್ನೇನು ಹತೋಟಿಗೆ ಬಂತು ಎನ್ನುವಷ್ಟರಲ್ಲಿ ಇನ್ನಿಬ್ಬರು ಬಿದ್ದರು. ಕಫದಕ್ಕನಿಗೆ ಅನ್ನ ಸೇರದಾಯಿತು. ತನ್ನ ಕಣ್ಣೆದುರೇ ಯಾರೋ ಮಕ್ಕಳ ಮೇಲೆ ಕೆಮ್ಮುತ್ತಿದ್ದಾರೆ, ತನಗೆ ಕಾಣುತ್ತಿಲ್ಲ. ಅವಳಿಗೆ ನಿಜವಾಗಿಯೂ ಹೆದರಿಕೆಯಾಯಿತು.

ಇನ್ನು ಶಾಲೆಯ ಮಕ್ಕಳೆಲ್ಲರ ಕಫವನ್ನೂ ನೋಡಿಬಿಡೋಣವೆಂದು ಒಂದು ಬೆಳಿಗ್ಗೆ ಎಲ್ಲರನ್ನೂ ಆಟದ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿದಳು. ಆ ಮಕ್ಕಳೆದುರು ಅವಳ ಪಾಠ ನಡೆದದ್ದು ಅದೇ ಮೊದಲು. ಕಾಯಿಲೆ ಬಿದ್ದ ಮಕ್ಕಳಿಗೆಲ್ಲ ಎಕ್ಸ್‌ರೇ, ಸೂಜಿಯಲ್ಲೇ ಕೆಲಸ ಮುಗಿದಿತ್ತು. ಕಿರುಬೆರಳಿನಿಂದ ಕನ್ನಡಕ ಮೇಲೇರಿಸಿದಳು. ಕೈ ಸೊಂಟಕ್ಕೆ ಹೋಯಿತು.

ಅಲ್ಲಲ್ಲಿ ಕಿಸಕ್ ಎಂದು ನಗು.

"ಮೂರು ಸಲ ಉದ್ದ ಉಸಿರು," ಎಂದಳು.

"ಮೂರನೇದನ್ನ ಹಿಡ್ಕೊಳ್ಳಿ! ಈಗ ಪಾದದಿಂದ ಕೆಮ್ಮಿ!" ಎಂದು ಸಾಲಿನಿಂದ ಅವಳದೇ ದನಿ ಬಂತು.

ನೋಡಿದರೆ ಪಟಾಕಿ. ಮೊಟ್ಟಮೊದಲು ಕಾಯಿಲೆ ಬಿದ್ದ ಆ ಮೂರನೇ ತರಗತಿಯ ಹುಡುಗಿಗೆ ಶಾಲೆಯಲ್ಲಿ ಅದೇ ಹೆಸರು. ಮೈಗೆ ಸ್ವಲ್ಪ ಮಾಂಸ ಹತ್ತಿದ್ದೇ ತಡ ಮತ್ತೆ ಸಿಡಿಯಲು ಶುರುಮಾಡಿದ್ದಳು. ಸೊಂಟಕ್ಕೆ ಕೈಯಿಟ್ಟು, ಇಲ್ಲದ ಕನ್ನಡಕವನ್ನು ಕಿರುಬೆರಳಿನಿಂದ ಏರಿಸಿ, ಮುಂದುವರಿಸಿಯೂ ಬಿಟ್ಟಳು: "ಏನ್ರೀ, ಪ್ಯಾಂಟಿಗೆ ಜಿಪ್ಪು ಹಚ್ಚೋದಕ್ಕಿಂತ ಕಷ್ಟನಾ ಇದು?"

ಹತ್ತಿಪ್ಪತ್ತು ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಉಳಿದ ನೂರಾರು ಮಕ್ಕಳು ಇದರಲ್ಲಿ ನಗುವಂಥದ್ದೇನಿದೆ ಎಂದು ಪಿಳಿಪಿಳಿ ನೋಡುತ್ತಾ ನಿಂತರು.

ಕಫದಕ್ಕನ ಮುಖಕ್ಕೆ ರಕ್ತ ನುಗ್ಗಿತು. ಜಿಪ್ಪಿನ ಮಾತು ಗಂಡನಿಗೆ, ಹಿತ್ತಲಿನಲ್ಲಿ, ಬಾವಿಕಟ್ಟೆಯ ಪಕ್ಕ ಆಡಿದ ಮಾತು! "ಯಾರೇ ಹೇಳ್ಕೊಟ್ಟಿದ್ದು ನಿಂಗೆ?" ಎಂದಳು. ಪಟಾಕಿ ಬಾಯಿಗೆ ಬೀಗ ಹಾಕಿಕೊಂಡಳು. "ಹೇಳಲ್ಲ. ಎಲ್ರೂ ಆಣೆ ಇಟ್ಟಿದ್ದೀವಿ."

"ನಕ್ಕೋರೆಲ್ಲ ಈ ಕಡೆ ಬನ್ನಿ," ಎಂದಳು ಕಫದಕ್ಕ. ಕೆನ್ನೆಗೆರಡು ಬಾರಿಸುವಷ್ಟು ಸಿಟ್ಟಿನಲ್ಲಿ ಕರೆದಳೇ ಹೊರತು ಬೇರೆ ಯಾವ ಜಾಣತನದಿಂದಲೂ ಅಲ್ಲ. ಮಕ್ಕಳು ತಲೆತಗ್ಗಿಸಿಕೊಂಡು ಬಂದು ನಿಂತರು. ಬಂದವರ ಮುಖ ಒಂದೊಂದಾಗಿ ನೋಡಿದಳು. ಪಟಾಕಿ. ಐದನೆಯ ತರಗತಿಯ ಇಬ್ಬರು. ಏಳನೆಯ ತರಗತಿಯವನು. ಮಾತ್ರೆ ನುಂಗುತ್ತಿದ್ದ ಏಳೂ ಮಕ್ಕಳು ನಕ್ಕವರ ಗುಂಪಿನಲ್ಲೇ ಇದ್ದರು. ನಗದವರ ಗುಂಪಿನಲ್ಲಿ ಒಬ್ಬರೂ ಇರಲಿಲ್ಲ.

ಹೆಡ್‌ಮೇಡಂ ಹತ್ತಿರ ಬಂದು ಮೂಗು ಮುರಿದರು. "ಇವರಾ? ಇವರೆಲ್ಲ ದಿನಾ ತಡವಾಗಿ ಬರೋ ಗುಂಪು. ಮನೇಲಿ ಮಲಗಿರೋ ಆ ಇಬ್ಬರೂ ಇವರ ಜೊತೆಯವರೇ. ಲೇಟಾಗಿ ಬಂದೋರನ್ನ ಮೊದಲನೇ ಪೀರಿಯಡ್ ಮುಗಿಯೋವರೆಗೂ ಆಟದ ಸಾಮಾನಿನ ಕೋಣೇಲಿ ಕೂಡಿಹಾಕಿ ಅಂತ ನಾನೇ ಹೇಳಿದ್ದೀನಿ. ಆದ್ರೂ ಬುದ್ಧಿ ಬರಲ್ಲ ನೋಡಿ, ದಿನದಿನಕ್ಕೆ ಜಾಸ್ತಿನೇ ಆಗ್ತಿದ್ದಾರೆ. ನಿಮ್ಮ ಮಾವನೇ ತಾನೆ ಒಳಗೆ ಕೂತು ಕಾಯೋದು? ಪಾಪ, ಸದ್ದೇ ಬರದ ಹಾಗೆ ಬಾಗಿಲು ಕಿಟಕಿ ಎಲ್ಲ ಹಾಕ್ಕೊಂಡು ನೋಡ್ಕೊಳ್ತಾರೆ."

ಇಷ್ಟು ಹೇಳಿದ ಮೇಲೆ ಯಾರಿಗಾದರೂ ಹೊಳೆಯಬೇಕು. ಆದರೆ ಮರ್ಯಾದೆ ಹೋದ ಮನುಷ್ಯರಿಗೆ ಬುದ್ಧಿ ತಡವಾಗಿ ಕೈಗೆ ಸಿಗುತ್ತದೆ. ಕಫದಕ್ಕ ಸೈಕಲ್ಲು ತುಳಿಯುತ್ತಾ ಮನೆಯವರೆಗೂ ಬೈದುಕೊಂಡದ್ದು ಒಂದೇ: ಮುಚ್ಚಿದ ಬಾಗಿಲ ಹಿಂದೆ, ಊರ ಮಕ್ಕಳ ಮುಂದೆ, ನನ್ನ ಕಿರುಬೆರಳನ್ನು ಆಡಿಸಿದ್ದಾರೆ! ಮಕ್ಕಳು ಬೇಕೆಂದೇ ತಡವಾಗಿ ಬಂದು ಅದನ್ನು ನೋಡಿದ್ದಾರೆ! ಇವತ್ತು ಬರಲಿ ಮನೆಗೆ.

ಸಂಜೆ ಮಾವ ಬಂದರು. ಸೊಸೆಯ ಮುಖ ಬಾಗಿಲಿನಿಂದಲೇ ಕಂಡಿರಬೇಕು. ಹೊಸಿಲ ಹೊರಗೇ ನಿಂತು, ಅವಳನ್ನು ಒಲಿಸಲು ತಮ್ಮ ಬಳಿಯಿದ್ದ ಅತ್ಯುತ್ತಮವಾದುದನ್ನು ತೆಗೆದರು. ಎರಡು ಚಿಕ್ಕ ಕೆಮ್ಮು. ಉದ್ದನೆಯ ಎಳೆತ. ಸೋತ "ಅಮ್ಮಾ".

"ಬನ್ನಿ ಗುಮಾಸ್ತರೇ, ಕೂತ್ಕೊಳ್ಳಿ," ಎಂದ ಟೈಲರು.

ಅವಳು ನಗಲಿಲ್ಲ. ಸಿಟ್ಟಿನಲ್ಲಿ ತುಟಿ ಕಚ್ಚಿಕೊಂಡು ಕೂತಿದ್ದಳು. ಆ ಕೆಮ್ಮನ್ನು ಅವಳು ನಗದೆ ಕೇಳಿದ್ದು ಅದೇ ಮೊದಲ ಸಲ. ನಗು ಇಲ್ಲದೆ ಕೇಳಿದಾಗ ಅದರ ಅಡಿಯಲ್ಲಿ ಒದ್ದೆಯಾದ ಏನೋ ಹರಿದಾಡುವುದು ಕೇಳಿಸಿತು. ಅವಳು ತೆರೆದ ಕಿಟಕಿಯಿಂದ ಹೊರಗೆ ನೋಡಿದಳು. ಎದುರುಮನೆಯ ಜಗಲಿಯಲ್ಲಿ ಗುಮಾಸ್ತರು ಗಿಡಗಳಿಗೆ ನೀರು ಹಾಕುತ್ತಿದ್ದರು, ಗಂಟಲೆತ್ತಿ ಯಾವುದೋ ಹಾಡು ಹಾಡಿಕೊಳ್ಳುತ್ತಾ. ಅವರು ಸಿಗರೇಟು ಬಿಟ್ಟು ವರ್ಷ ಕಳೆದಿತ್ತು. ಅವರಿಗೆ ಕೆಮ್ಮೇ ಇರಲಿಲ್ಲ.

ಕಫದಕ್ಕನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಮೇಜಿನ ಮೇಲಿದ್ದ ಚೀಲಕ್ಕೆ ಕೈ ಹಾಕಿ ಒಂದು ಡಬ್ಬಿ ತೆಗೆದಳು. "ಮಾವ, ಹಿತ್ತಲಿಗೆ ಬನ್ನಿ. ಇದರಲ್ಲಿ ಒಂದು ಸಲ ಕೆಮ್ಮಿ ಕೊಡಿ."

ಮಾವನಿಗೆ ಜೀವ ಬಂದಂತಾಯಿತು. ಸೊಸೆ ಕ್ಷಮಿಸಿದಳು, ಆಟಕ್ಕೆ ಕರೆಯುತ್ತಿದ್ದಾಳೆ ಎಂದುಕೊಂಡರು. ಬಾವಿಕಟ್ಟೆಯ ಪಕ್ಕ ನಿಂತು ಡಬ್ಬಿ ಹಿಡಿದು ಕೇಳಿದರು. "ಯಾರ ಕೆಮ್ಮು ಕೊಡಲಿ? ಗುಮಾಸ್ತರದಾ? ನಿನ್ನ ಗಂಡಂದಾ? ಚಿತ್ರದ ಮೇಷ್ಟ್ರದು ಹೊಸದು, ಚೆನ್ನಾಗಿದೆ."

"ನಿಮ್ಮದು ಕೊಡಿ, ಮಾವ."

ಅವರು ಡಬ್ಬಿಯೊಳಗೆ ಇಣುಕಿ ನೋಡಿದರು. ಆಮೇಲೆ ಉಸಿರೆಳೆದುಕೊಂಡು ಕೆಮ್ಮಿದರು. ಎರಡು ಚಿಕ್ಕದು, ಒಂದು ಉದ್ದನೆಯದು. "ಅಮ್ಮಾ" ಮಾತ್ರ ಬರಲಿಲ್ಲ. ಡಬ್ಬಿಯಲ್ಲಿ ಬಿದ್ದದ್ದು ಉಗುಳಾಗಿರಲಿಲ್ಲ.

"ಇದು ಗುಮಾಸ್ತರದ್ದಲ್ವಾ?" ಎಂದ ಟೈಲರು ಬಾಗಿಲಲ್ಲಿ ನಿಂತು, ಇನ್ನೂ ಅರ್ಧ ನಗುತ್ತಾ.

"ಮೊದಮೊದಲು ಅವರದೇ," ಎಂದರು ಮಾವ, ಸ್ವಂತ ದನಿಯಲ್ಲಿ. ಆ ದನಿ ಕೇಳಿ ಇಬ್ಬರಿಗೂ ಅಭ್ಯಾಸವಿರಲಿಲ್ಲ. "ನಾನೇ ಮಾಡ್ತಿದ್ದೆ. ಆಮೇಲಾಮೇಲೆ ತಾನಾಗೇ ಬರೋಕೆ ಶುರುವಾಯ್ತು. ನಿಲ್ಲಿಸೋಕೆ ಹೋದ್ರೂ ನಿಲ್ಲಲ್ಲ. ನೀವಿಬ್ಬರೂ ಅಷ್ಟು ನಗ್ತಿದ್ರಿ ಕಣಮ್ಮ. ಯಾಕೆ ನಿಮ್ಮ ಖುಷಿ ಕೆಡಿಸ್ಲಿ ಅಂತ ಕೊನೇಲಿ ಒಂದು 'ಅಮ್ಮಾ' ಸೇರಿಸಿಬಿಡ್ತಿದ್ದೆ."

ಟೈಲರ ನಗು ಮುಖದ ಮೇಲೆಯೇ ಒಣಗಿತು. "ಅಪ್ಪನ ಪ್ಯಾಂಟು ಮೂರು ಸಲ ಸೊಂಟದಲ್ಲಿ ಹಿಡಿದಿದ್ದೀನಿ ಕಣೇ," ಎಂದ ಹೆಂಡತಿಗೆ. "ಬಟ್ಟೆ ಹಿಗ್ಗುತ್ತಿದೆ ಅಂದ್ಕೊಂಡೆ. ಅಂಗಡಿಯವನ ಜೊತೆ ಹೋಗಿ ಜಗಳ ಬೇರೆ ಆಡಿ ಬಂದೆ." ಎಂಥ ಕುಟುಂಬ ನೋಡಿ. ಒಬ್ಬಳು ಊರೆಲ್ಲ ಹುಡುಕಿದ ಕೆಮ್ಮಿಗೆ ಮನೆಯಲ್ಲಿ ಚಪ್ಪಾಳೆ ತಟ್ಟಿದ್ದಳು, ಇನ್ನೊಬ್ಬ ಕರಗುತ್ತಿದ್ದ ಅಪ್ಪನನ್ನು ಬಿಟ್ಟು ಬಟ್ಟೆಯನ್ನು ಬೈದಿದ್ದ.

ಪರೀಕ್ಷೆಯ ಫಲಿತಾಂಶ ಬಂದಾಗ ಅವಳಿಗೆ ಆಶ್ಚರ್ಯವಾಗಲಿಲ್ಲ, ಅಳು ಬಂತು. ಆಸ್ಪತ್ರೆಯ ಸೈಕಲ್ ನಿಲ್ಲಿಸುವ ಜಾಗದಲ್ಲಿ ನಿಂತು ಚೆನ್ನಾಗಿ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಕೆಲಸಕ್ಕೆ ಬಿದ್ದಳು. ಮಾವನಿಗೆ ಮಾತ್ರೆ ಶುರುವಾಯಿತು. ಗಂಡನ ಎಕ್ಸ್‌ರೇ, ಅವಳ ಎಕ್ಸ್‌ರೇ, ಎರಡೂ ಚೊಕ್ಕಟವಾಗಿದ್ದವು. ಅಷ್ಟು ವರ್ಷ ಕಿಟಕಿಯ ಜಗಳ ಗೆದ್ದದ್ದು ಸಾರ್ಥಕವಾಯಿತು. ಮೈದಾನದಲ್ಲಿ ನಕ್ಕ ಮಕ್ಕಳೆಲ್ಲರ ಪರೀಕ್ಷೆ ಮತ್ತೊಮ್ಮೆ ನಡೆಯಿತು. ಜಿಪ್ಪಿನ ಮಾತಿಗೆ ನಕ್ಕವರು ಆ ಕೋಣೆಯಲ್ಲಿ ಕೂತವರು, ನಗದವರು ಕೂರದವರು. ಇದಕ್ಕಿಂತ ಒಳ್ಳೆಯ ಗುರುತು ಎಲ್ಲಿ ಸಿಗಬೇಕು? ಕಾಯಿಲೆ ಇನ್ನೂ ಏಳದ ಕೆಲವರಿಗೆ ಏಳದಂತೆ ತಡೆಯುವ ಮಾತ್ರೆ ಕೊಟ್ಟರು. "ನನ್ನ ಸರ್ವಿಸ್‌ನಲ್ಲಿ ಜೋಕ್ ಹೇಳಿ ರೋಗ ಹುಡುಕಿದ್ದು ಇದೇ ಮೊದಲು," ಎಂದರು ಡಾಕ್ಟರು.

ಆದರೆ ಮಕ್ಕಳು ಮುಷ್ಕರ ಹೂಡಿದರು. ಗೇಟಿನ ತಾತ ಕಾಣುತ್ತಿಲ್ಲ, ಸಾಮಾನಿನ ಕೋಣೆಗೆ ಬೀಗ ಬಿದ್ದಿದೆ, ಇನ್ನು ಮಾತ್ರೆ ಯಾಕೆ ನುಂಗಬೇಕು ಎಂಬುದು ಪಟಾಕಿಯ ವಾದ. ಮೊದಮೊದಲು ಮಾತ್ರೆ ತಿಂದರೆ ಮೂತ್ರ ಕಿತ್ತಳೆ ಬಣ್ಣವಾಗುತ್ತದೆ ಎಂಬ ಖುಷಿಯಾದರೂ ಇತ್ತು. ಗೋಡೆಯ ಮೇಲೆ ಚಿತ್ರ ಬಿಡಿಸಿ ಬಿಡಿಸಿ ಹುಡುಗರಿಗೆ ಅದೂ ಹಳತಾಗಿತ್ತು. ಮಾತ್ರೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು, ಕಫದಕ್ಕ ತಿರುಗಿದೊಡನೆ ಚರಂಡಿಗೆ ಉಗುಳುತ್ತಿದ್ದರು. ಅರ್ಧಕ್ಕೆ ಬಿಟ್ಟ ಮಾತ್ರೆ ಮುಂದೆ ನಾಟುವುದೇ ಇಲ್ಲ, ಕಾಯಿಲೆ ಮೊಂಡಾಗಿಬಿಡುತ್ತದೆ ಎಂದು ಅವಳು ಹೇಳಿ ಹೇಳಿ ಸೋತಳು.

ಇತ್ತ ಮನೆಯಲ್ಲಿ ಮಾವನೂ ಮಾತ್ರೆ ಮುಟ್ಟದಾದರು. "ಮಕ್ಕಳಿಗೆ ನಾನೇ ಹಚ್ಚಿದ್ನಲ್ಲ," ಎಂದು ಒಂದೇ ಮಾತು, ಸ್ವಂತ ದನಿಯಲ್ಲಿ. ಆ ದನಿ ಅವಳಿಗೆ ಬೇಡವಾಗಿತ್ತು. ತನ್ನನ್ನು ಆಡಿಕೊಳ್ಳಲಿ, ಗಂಡನನ್ನು ಆಡಿಕೊಳ್ಳಲಿ, ಈ ದನಿ ಹೋಗಲಿ ಎಂದು ಹಂಬಲಿಸಿದಳು. "ಯಾರೂ ಬೇಕೂಂತ ಹಚ್ಚಲ್ಲ ಮಾವ. ಹಚ್ಚಿದ್ದು ಆ ಮುಚ್ಚಿದ ಕಿಟಕಿ," ಎಂದಳು. ಮಾವ ಗೋಡೆಗೆ ಮುಖ ಮಾಡಿ ಮಲಗಿದರು.

ಅಂಥ ಒಂದು ಮಧ್ಯಾಹ್ನ ಹೆಡ್‌ಮೇಡಂ ಮನೆಯ ಮುಂದೆ ಬಂದು ನಿಂತರು. ಹಿಂದೆ ಪಟಾಕಿ, ಅವಳ ಹಿಂದೆ ಇಡೀ ದಂಡು. ಕೆಲಸ ಹೋಯಿತು ಎಂದುಕೊಂಡ ಮಾವ ಮಂಚದ ಮೇಲೆ ಎದ್ದು ಕೂತು, ಮುಖಕ್ಕೆ ಮಾಸ್ಕು ಹಾಕಿಕೊಂಡರು. ಹೆಡ್‌ಮೇಡಂ ರಸ್ತೆಯಲ್ಲೇ ನಿಂತು ಕಿಟಕಿಯತ್ತ ಕೂಗಿದರು: "ಎಲ್ಲಾ ಗೊತ್ತಾಯ್ತು. ಆ ಕೋಣೇಲಿ ನನ್ನನ್ನೂ ಮಾಡ್ತಿದ್ರಂತೆ. ಈಗ ಮಾಡಿ ನೋಡೋಣ!"

"ತಪ್ಪಾಯ್ತು ಮೇಡಂ," ಎಂದರು ಮಾವ.

"ತಪ್ಪು ಕೇಳ್ಲಿಲ್ಲ ನಾನು. ಮಾಡಿ ಅಂದೆ!"

ಮಾವ ಸೊಸೆಯತ್ತ ನೋಡಿದರು. ಸೊಸೆ ಕಣ್ಣಲ್ಲೇ ಹೂಂ ಎಂದಳು. ಅವರು ಬೆನ್ನು ನೆಟ್ಟಗೆ ಮಾಡಿ, ಮಾಸ್ಕಿನ ಹಿಂದಿನಿಂದಲೇ, "ನನಗೆ ಕೆಮ್ಮು ಬರೋದಿಲ್ಲ, ನನಗೆ ಶಿಸ್ತಿದೆ," ಎಂದು, ಕೊನೆಯಲ್ಲಿ ಮೂಗಿನಿಂದ ಸಣ್ಣನೆಯ ಸಿಳ್ಳೆ ಬಿಟ್ಟರು. ಮಕ್ಕಳು ಕೆನ್ನೆ ಊದಿಸಿಕೊಂಡು ನಗು ತಡೆದರು.

"ನನ್ನ ಮೂಗು ಹಂಗೆಲ್ಲ ಸಿಳ್ಳೆ ಹಾಕಲ್ಲ," ಎಂದರು ಹೆಡ್‌ಮೇಡಂ. ಮೂಗು ಸಿಳ್ಳೆ ಹಾಕಿತು.

ಅದು ಈ ಸಲ ಅವರಿಗೂ ಕೇಳಿಸಿತು. ಮೊದಲು ಅವರ ಗದ್ದ ಅದುರಿತು, ಆಮೇಲೆ ಭುಜ, ಆಮೇಲೆ ಇಡೀ ಹೆಡ್‌ಮೇಡಂ. ನಗುತ್ತಾ ನಗುತ್ತಾ ಬೇಲಿ ಹಿಡಿದುಕೊಂಡರು. ಸುಧಾರಿಸಿಕೊಂಡು ಕಣ್ಣೊರೆಸಿಕೊಂಡ ಮೇಲೆ ಅಪ್ಪಣೆ ಹೊರಡಿಸಿದರು. "ಕೂಡಿಹಾಕಿ ಅಂದಿದ್ದು ನಾನು, ಅದು ನನ್ನ ತಪ್ಪು. ಇನ್ಮೇಲೆ ಆ ಕೋಣೆ ಇಲ್ಲ. ಡಾಕ್ಟರು ಹೂಂ ಅಂದ ಮೇಲೆ ನೀವು ವಾಪಸ್ ಬರ್ತೀರಿ. ನಿಮ್ಮ ಆಟ ಮೈದಾನದಲ್ಲಿ, ಆಕಾಶದ ಕೆಳಗೆ, ವಾರಕ್ಕೊಂದು ಸಲ. ಅಲ್ಲೀವರೆಗೆ ಇವರಿಗೆ ಮಾತ್ರೆ ನುಂಗ್ಸೋ ಜವಾಬ್ದಾರಿ ನಿಮ್ದು."

ಅಂದಿನಿಂದ ಕಿಟಕಿಯೇ ರಂಗಮಂದಿರವಾಯಿತು. ಒಳಗೆ ಮಾವ, ಹೊರಗೆ ರಸ್ತೆಯಲ್ಲಿ ಮಕ್ಕಳು, ಮಧ್ಯೆ ನೀರಿನ ಲೋಟ ಹಿಡಿದ ಕಫದಕ್ಕ. ನಿಯಮ ಪಟಾಕಿಯದು: ತಾತ ಮೊದಲು ನುಂಗಬೇಕು, ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಬೇಕು. ಆಮೇಲೆ ಮಕ್ಕಳು. ಆಮೇಲೆ ಒಂದು ದನಿ. ಒಂದು ದಿನಕ್ಕೆ ಒಂದೇ. ತಾತ ಒಂದು ದಿನ ಮಾತ್ರೆಯನ್ನು ಕೆನ್ನೆಯಲ್ಲಿ ಮುಚ್ಚಿಟ್ಟುಕೊಂಡದ್ದನ್ನು ಪಟಾಕಿ ಹಿಡಿದಳು; ಆ ಕಲೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಟೈಲರು ಧೂಳಿನ ಮಾತೆತ್ತದೆ ಬಟ್ಟೆಗೆಲ್ಲ ಹಳೆಯ ಪಂಚೆ ಹೊದಿಸಿ ಕೂರುತ್ತಿದ್ದ. ಕೆಲವು ವಾರಗಳಲ್ಲಿ ಮಾವನಿಂದ ಯಾರಿಗೂ ಅಂಟುವುದಿಲ್ಲವೆಂದು ಡಾಕ್ಟರು ಹೇಳಿದರು, ಅವರು ಗೇಟಿಗೆ ಮರಳಿದರು. ತಿಂಗಳುಗಳು ಉರುಳಿದವು. ಹೊಸದಾಗಿ ಯಾವ ಮಗುವೂ ಬೀಳಲಿಲ್ಲ. ಅಪ್ಪನ ಪ್ಯಾಂಟಿನ ಸೊಂಟವನ್ನು ಟೈಲರು ಒಂದೊಂದೇ ಹೊಲಿಗೆ ಬಿಚ್ಚಿ ಅಗಲ ಮಾಡುತ್ತಾ ಬಂದ. ಮೂರನೆಯ ಹೊಲಿಗೆ ಬಿಚ್ಚಿದ ದಿನ ಅಂಗಡಿಯವನ ಹತ್ತಿರ ಹೋಗಿ ಬಟ್ಟೆ ಒಳ್ಳೆಯದಿತ್ತು ಎಂದು ಒಪ್ಪಿಕೊಂಡು ಬಂದ.

ಆರು ತಿಂಗಳು ತುಂಬಿದಾಗ ಕೊನೆಯ ಪರೀಕ್ಷೆ. ಬೆಳಿಗ್ಗೆ ಹಿತ್ತಲಿನಲ್ಲಿ ಅವಳು ಡಬ್ಬಿ ಕೊಟ್ಟಳು. ಗಂಡ ಬಾಗಿಲಲ್ಲಿ ನಿಂತಿದ್ದ. ಬೇಲಿಯಾಚೆ ಪಟಾಕಿ ಮತ್ತು ದಂಡು. ಅವರ ಮಾತ್ರೆಗಳೂ ಮುಗಿದಿದ್ದವು.

"ನಿಮ್ಮದೇ ಕೊಡಿ, ಮಾವ," ಎಂದಳು. ಕಿರುಬೆರಳಿನಿಂದ ಕನ್ನಡಕ ಏರಿಸಿದಳು.

ಮಾವ ಮೂರು ಸಲ ಉದ್ದ ಉಸಿರೆಳೆದು ಕೆಮ್ಮಿದರು. ಏನೂ ಬರಲಿಲ್ಲ. ಇನ್ನೊಮ್ಮೆ. ಬರಲಿಲ್ಲ. ಚಿತ್ರದ ಮೇಷ್ಟರ ಕೆಮ್ಮು ಕೆಮ್ಮಿದರು, ಮಗನದು ಕೆಮ್ಮಿದರು, ಹೆಡ್‌ಮೇಡಂಗೆ ಬರುವುದೇ ಇಲ್ಲದ ಕೆಮ್ಮನ್ನೂ ಊಹಿಸಿ ಕೆಮ್ಮಿದರು. "ಪಾದದಿಂದ, ತಾತಾ!" ಎಂದು ಮಕ್ಕಳು ಕೂಗಿದರು. ಪಾದದಿಂದಲೂ ಬರಲಿಲ್ಲ. ಕೊನೆಗೆ ತಮ್ಮ ಹಳೆಯ ನೆಚ್ಚಿನದಕ್ಕೇ ಕೈ ಹಾಕಿದರು. ಎರಡು ಚಿಕ್ಕದು, ಒಂದು ಉದ್ದನೆಯ ಎಳೆತ. ಎಳೆತ ಮಧ್ಯದಲ್ಲೇ ತುಂಡಾಗಿ ಬರೀ ಗಾಳಿ ಹೊರಟಿತು. "ಅಮ್ಮಾ" ಅನಾಥವಾಗಿ ಒಂದೇ ಬಂತು.

ಗದ್ದಲ ಕೇಳಿ ಮಕ್ಕಳ ಹಿಂದೆ ಬಂದು ನಿಂತಿದ್ದ ಗುಮಾಸ್ತರು ಬೇಲಿಯ ಮೇಲಿನಿಂದ ತಲೆ ಹಾಕಿದರು. "ರೀ, ಅದು ನನ್ನ ಕೆಮ್ಮಾ? ಏನ್ ಕೆಟ್ಟದಾಗಿ ಮಾಡ್ತೀರ್ರೀ! ಮೊದಲು ಎಷ್ಟು ಚೆನ್ನಾಗಿ ಮಾಡ್ತಿದ್ರಿ!"

ಮಾವನ ಮುಖ ಸಣ್ಣದಾಯಿತು. ಇಷ್ಟು ವರ್ಷದ ವಿದ್ಯೆ, ಊರ ಮಕ್ಕಳೆದುರು ಕೈಕೊಟ್ಟಿತ್ತು. ಖಾಲಿ ಡಬ್ಬಿಯನ್ನು ಸೊಸೆಯತ್ತ ಚಾಚಿ, "ಯಾಕೋ ಬರ್ತಾನೇ ಇಲ್ಲ ಕಣಮ್ಮ," ಎಂದರು.

ಡಬ್ಬಿಯೊಳಗೆ ಏನಾದರೂ ಬೀಳುವವರೆಗೆ ಯಾರನ್ನೂ ಬಿಡದ ಕಫದಕ್ಕ ಆ ಖಾಲಿ ಡಬ್ಬಿಯನ್ನು ತೆಗೆದುಕೊಂಡು ಮುಚ್ಚಳ ಹಾಕಿದಳು. ಕಣ್ಣು ಮಂಜಾಗಿ ಮುಚ್ಚಳದ ತಿರುವು ಒಂದೇ ಸಲಕ್ಕೆ ಸಿಗಲಿಲ್ಲ.

"ಇಷ್ಟೇ ಕೆಟ್ಟದಾಗಿ ಮಾಡ್ತಾ ಇರಿ, ಮಾವ," ಎಂದಳು. "ಸಾಯೋವರೆಗೂ ಇಷ್ಟೇ ಕೆಟ್ಟದಾಗಿ ಮಾಡಿ." ಆಮೇಲೆ ತಡೆಯಲಾರದೆ ಬಾವಿಕಟ್ಟೆಯ ಮೇಲೆ ಕೂತು, ಅಳುತ್ತಾ, ಗಟ್ಟಿಯಾಗಿ ನಗತೊಡಗಿದಳು. ಮಾವ ಸ್ವಲ್ಪ ಹೊತ್ತು ತಲೆ ಬಗ್ಗಿಸಿ, ಕಿವಿಗೊಟ್ಟು ಆ ನಗುವನ್ನು ಕೇಳಿಸಿಕೊಂಡರು. ಸಂಜೆ ಗೇಟಿನಿಂದ ಬಂದವರು ಬಾಗಿಲಲ್ಲಿ ನಿಂತು ಅದನ್ನೇ ನಕ್ಕರು.